ನೀರಿನ ಮನೆಗೆ ಕಾದವರು

ಫೆಬ್ರವರಿ 3

'ನೀರಿನ ಮನೆ' ಆಟ ಮಾಡಿದವರಿಗೆ ನಮಸ್ಕಾರ.

ನೀವು ಗಂಡಸೋ ಹೆಂಗಸೋ, ಒಬ್ಬರೋ ಹತ್ತು ಜನವೋ ನನಗೆ ಗೊತ್ತಿಲ್ಲ. ಇಂಟರ್ನೆಟ್ಟಿನಲ್ಲಿ ನಿಮಗೆ ಬರೆಯುವ ಜಾಗಕ್ಕೆಲ್ಲ ಬೀಗ ಹಾಕಿದ್ದೀರಂತೆ. ಆಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಂಚೆ ವಿಳಾಸ ಕಂಡಿತು. ಸರಿ, ಕಾಗದವನ್ನೇ ಬರೆಯೋಣ ಎಂದುಕೊಂಡೆ.

ನಾನು ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ನರ್ಸು. ಕಿಡ್ನಿ ಕೈಕೊಟ್ಟವರು ವಾರಕ್ಕೆ ಮೂರು ಬೆಳಿಗ್ಗೆ ಇಲ್ಲಿಗೆ ಬರುತ್ತಾರೆ. ಒಂದು ಕೈಗೆ ಸೂಜಿ ಹಾಕಿ, ಮೈಯ ರಕ್ತವನ್ನು ಯಂತ್ರದಲ್ಲಿ ತೊಳೆದು ವಾಪಸು ಕಳಿಸುತ್ತೇವೆ. ಅರ್ಧ ದಿನ ಆ ಕೈ ಅಲ್ಲಾಡಿಸುವಂತಿಲ್ಲ. ಇನ್ನೊಂದು ಕೈ ಖಾಲಿ. ಆ ಖಾಲಿ ಕೈಗೆ ಕೆಲಸ ಕೊಟ್ಟದ್ದು ನಿಮ್ಮ ಆಟ.

ಕಿಟಕಿ ಪಕ್ಕದ ಕುರ್ಚಿಗಳಲ್ಲಿ ಮೂವರು ಕೂರುತ್ತಾರೆ. ಒಬ್ಬರು ಸಲೂನ್ ಇಟ್ಟವರು, ಒಬ್ಬರು ಬಸ್ ಡ್ರೈವರ್, ಇನ್ನೊಬ್ಬರು ವಕೀಲಮ್ಮ. ಮೊದಲೆಲ್ಲ ಮೂವರೂ ಮೂರು ಗೋಡೆ ನೋಡಿಕೊಂಡು ಕಂಬಳಿ ಹೊದ್ದು ಮಲಗುತ್ತಿದ್ದರು. ಒಂದು ದಿನ ಸಲೂನಿನವರು ಮಗಳ ಟ್ಯಾಬ್ ತಂದರು. ಒಣಗಿದ ಮನೆಯೊಳಗೆ ಕೊಳವೆ ತಿರುಗಿಸಿ, ತೂಬು ಎತ್ತಿ, ಕೋಣೆಯಿಂದ ಕೋಣೆಗೆ ನೀರು ಹರಿಸುವ ಆಟ. ಮಾಡಿದವರಿಗೆ ನಾನೇನು ವಿವರಿಸುವುದು! ಆದರೆ ಇದೊಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಇವರು ಬಾಯಾರಿದಷ್ಟು ನೀರು ಕುಡಿಯುವಂತಿಲ್ಲ. ಕುಡಿದದ್ದು ಮೈಯಲ್ಲೇ ನಿಂತುಬಿಡುತ್ತದೆ. ತುಟಿ ಒಣಗಿದರೆ ಒಂದು ಚೂರು ಐಸ್ ಚೀಪುತ್ತಾರೆ. ಅಂಥವರು ಬೆಳಗಿನಿಂದ ಪರದೆಯ ಮೇಲೆ ನೀರು ಹರಿಸುತ್ತ ಕೂರುತ್ತಾರೆ. ಅವರ ಗಲಾಟೆ ನೀವು ಕೇಳಬೇಕು.

"ಬಲಗಡೆ ತೂಬು ಎತ್ತಿ ವಕೀಲಮ್ಮ, ಬಲಗಡೆ!"

"ಯಾರ ಬಲಗಡೆ? ನನ್ನದೋ ನಿಮ್ಮದೋ? ಸರಿಯಾಗಿ ಹೇಳಿ."

"ಬಸ್ಸಿನ ಬಲಗಡೆ ಕಣಮ್ಮಾ!"

ಹೋದ ವಾರ ಆಟ ಮುಗಿಯಿತು. ಕೊನೆಯ ಕೋಣೆಗೆ ನೀರು ನುಗ್ಗಿದಾಗ ಡ್ರೈವರ್ ಎಷ್ಟು ಜೋರಾಗಿ ಕೂಗಿದರೆಂದರೆ ಡಾಕ್ಟರು ಓಡಿಬಂದರು. ಈಗ ಕೋಣೆ ಮತ್ತೆ ಸುಮ್ಮನಾಗಿದೆ. ಎರಡನೇ ಭಾಗ ಬರುತ್ತದೆಂದು ಸುದ್ದಿ ಕೇಳಿದೆವು. ಸಲೂನಿನವರಿಗೆ ಅದೇ ಮನೆ ಬೇಕು, ಒಂದು ಇಟ್ಟಿಗೆಯೂ ಬದಲಾಗಬಾರದು. ಡ್ರೈವರಿಗೆ ಇಡೀ ಊರು ಬೇಕು. ವಕೀಲಮ್ಮನಿಗೆ ತಲೆ ಕೆಡುವಷ್ಟು ಕಷ್ಟ ಬೇಕು. ನನಗೆ ಬೇಕಿರುವುದು ತಾರೀಕು ಮಾತ್ರ. ಯಾವಾಗ ಬರುತ್ತದೆ?

ಇಂತಿ,
ಡಯಾಲಿಸಿಸ್ ಕೋಣೆಯ ಸಿಸ್ಟರ್


ಫೆಬ್ರವರಿ 24

ಸಿಸ್ಟರ್ ಅವರಿಗೆ ನಮಸ್ಕಾರ.

ಹೆಂಗಸು. ಈಗ ಒಬ್ಬಳೇ. ಮೊದಲ ಆಟ ಮಾಡಿದಾಗ ಇಬ್ಬರಿದ್ದೆವು. ಲೆಕ್ಕಾಚಾರ ನನ್ನದು, ಚಿತ್ರ ನನ್ನ ತಮ್ಮನದು. ಅವನು ಈಗ ಬೇರೆ ಕೆಲಸದಲ್ಲಿದ್ದಾನೆ, ಚಿತ್ರವನ್ನೂ ನಾನೇ ಬರೆಯುತ್ತಿದ್ದೇನೆ.

ಬೀಗ ಹಾಕಿದ್ದಕ್ಕೆ ಕಾರಣ ಹೇಳುತ್ತೇನೆ. ಎರಡನೇ ಭಾಗ ಮಾಡುತ್ತೇವೆ ಎಂದ ದಿನ ಜನ ಕುಣಿದಾಡಿದರು. ಮಾರನೆಯ ದಿನದಿಂದ ಬೇಡಿಕೆ ಶುರು. ಒಂದು ಚಿತ್ರ ಹೊರಗೆ ಬಿಟ್ಟರೆ, ನೀರಿನ ಬಣ್ಣ ಬದಲಾಗಿದೆ ಎಂದು ಎರಡು ಪಂಗಡವಾಗಿ ಕಿತ್ತಾಡಿದರು. ಒಬ್ಬಾತ ಈ ಆಟ ಆಡುತ್ತಲೇ ಹೆಂಡತಿಯ ಪರಿಚಯ ಮಾಡಿಕೊಂಡನಂತೆ. 'ದಯವಿಟ್ಟು ಕೆಡಿಸಬೇಡಿ' ಎಂದು ಬರೆದ. ಇನ್ನೊಬ್ಬಾಕೆ, 'ಕೆಡಿಸಿದರೆ ನಿಮ್ಮನ್ನು ಬಿಡುವುದಿಲ್ಲ' ಎಂದಳು. ಇಬ್ಬರಿಗೂ ಪ್ರೀತಿಯೇ, ಗೊತ್ತು. ಆದರೆ ಅಷ್ಟು ಪ್ರೀತಿ ಒಟ್ಟಿಗೆ ಮೈಮೇಲೆ ಬಿದ್ದರೆ ಉಸಿರು ಕಟ್ಟುತ್ತದೆ.

ನವೆಂಬರಿನಲ್ಲಿ ಬರುತ್ತದೆ. ಜನ ಕೇಳಿದ್ದನ್ನೆಲ್ಲ ಹಾಕುತ್ತಿದ್ದೇನೆ.

ಬಸ್ಸಿನ ಬಲಗಡೆಯ ಮಾತಿಗೆ ನಕ್ಕೆ. ನಕ್ಕು ಬಹಳ ದಿನವಾಗಿತ್ತು.

ಇಂತಿ,
ಆಟ ಮಾಡುವವಳು


ಮಾರ್ಚ್ 17

ಆಟ ಮಾಡುವ ತಂಗಿಗೆ,

ತಂಗಿ ಅನ್ನಬಹುದಲ್ಲವೆ? ನನ್ನ ತಲೆಯಲ್ಲಿ ಕಪ್ಪು ಕೂದಲನ್ನು ಹುಡುಕಬೇಕು, ಅದಕ್ಕೇ ಧೈರ್ಯ ಮಾಡಿದೆ.

ವಕೀಲಮ್ಮ ಬರುವುದು ತಪ್ಪಿಸುತ್ತಿದ್ದಾರೆ. ಮೊದಲು ಒಂದು ಶುಕ್ರವಾರ ಬರಲಿಲ್ಲ. ಕೇಸು ಇತ್ತು ಎಂದರು. ಈಗ ವಾರಕ್ಕೆ ಒಮ್ಮೆ ಬಂದರೆ ಹೆಚ್ಚು. ಬಂದಾಗ ಕಾಲು ಊದಿರುತ್ತದೆ, ನಾಲ್ಕು ಮೆಟ್ಟಿಲಿಗೆ ಏದುಸಿರು. "ಯಾಕಮ್ಮಾ ಹೀಗೆ?" ಎಂದೆ. "ಸಾಕಾಯ್ತು ಸಿಸ್ಟರ್. ಬರೋದು, ಚುಚ್ಚಿಸಿಕೊಳ್ಳೋದು, ಹೋಗೋದು. ಯಾವುದಕ್ಕೆ?" ಎಂದರು.

ಆಟ ನಡೆಯುತ್ತಿದ್ದಾಗ ಅವರು ಒಂದು ದಿನವೂ ತಪ್ಪಿಸಿರಲಿಲ್ಲ. ಇದು ತಲೆಗೆ ಹೊಳೆದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನವೆಂಬರ್ ಬಹಳ ದೂರ ತಂಗಿ. ಎರಡನೇ ಭಾಗದ ಒಂದೇ ಒಂದು ಕೋಣೆಯನ್ನಾದರೂ ಮೊದಲೇ ಕಳಿಸಲು ಆಗುತ್ತದೆಯೆ? ಯಾರಿಗೂ ಹೇಳುವುದಿಲ್ಲ.

ನಿಮ್ಮ,
ಸಿಸ್ಟರ್


ಮಾರ್ಚ್ 26

ಸಿಸ್ಟರ್,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಇದುವರೆಗೆ ಬೇಡಿಕೆ ಕಳಿಸಿದವರು ಬಣ್ಣ ಕೇಳಿದರು, ಕಥೆ ಕೇಳಿದರು. ನೀವು ಒಬ್ಬರ ಜೀವವನ್ನು ತಂದು ನನ್ನ ಮೇಜಿನ ಮೇಲಿಟ್ಟಿದ್ದೀರಿ. ಆಟ ಚೆನ್ನಾಗಿರದಿದ್ದರೆ? ಅವರಿಗೆ ಹಿಡಿಸದಿದ್ದರೆ? ಆಮೇಲೆ ನಾನು ಹೇಗೆ ಬದುಕಲಿ? ನಾನು ಕೊಳವೆ ತಿರುಗಿಸುವ ಆಟ ಮಾಡುವವಳು. ನನ್ನಿಂದ ಇಷ್ಟು ಕೇಳಬೇಡಿ.

ಕ್ಷಮಿಸಿ.

ಆಟ ಮಾಡುವವಳು


ಏಪ್ರಿಲ್ 14

ತಂಗೀ,

ಬೈದಿದ್ದು ಒಳ್ಳೆಯದಾಯಿತು. ಹೆದರಿದ್ದವಳು ನಾನು, ಆ ಹೆದರಿಕೆಯನ್ನು ಗಂಟು ಕಟ್ಟಿ ನಿಮಗೆ ಕಳಿಸಿಬಿಟ್ಟೆ.

ನಿಮ್ಮ ಕಾಗದ ಬಂದ ವಾರದ ಭಾನುವಾರ ವಕೀಲಮ್ಮನ ಮನೆಗೆ ಹೋದೆ. ಕೇಸಿನ ಕಟ್ಟುಗಳ ನಡುವೆ ಸೋಫಾದ ಮೇಲೆ ಕಾಲು ಎತ್ತಿ ಕೂತಿದ್ದರು. ಬುದ್ಧಿ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರ ಮುಖ ನೋಡಿದ್ದೇ ಒಂದೂ ನೆನಪಾಗಲಿಲ್ಲ. ಏನೋ ಮಾತಿಗೆ, "ಸಲೂನಿನವರು ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ದಾರೆ, ಆಟದ ಬಾವಿ ಕೋಣೆ ಬಿಡಿಸಿದ್ದು ತಾವೇ ಅಂತೆ" ಎಂದೆ.

ವಕೀಲಮ್ಮ ಕಾಲು ಕೆಳಗಿಟ್ಟರು. "ಯಾರು? ಆ ಮನುಷ್ಯನಾ? ನಾನು ಎಡಗಡೆ ತೂಬು ಮುಚ್ಚು ಅಂತ ಹೇಳದೇ ಇದ್ದಿದ್ರೆ ಇವತ್ತಿಗೂ ಅಲ್ಲೇ ಕೂತಿರೋರು!"

"ನನಗೇನು ಗೊತ್ತಮ್ಮಾ. ನೀವಂತೂ ಬರೋದಿಲ್ಲ. ಬಂದವರು ಹೇಳಿದ್ದೇ ಖರೆ."

ಸೋಮವಾರ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಸೂಜಿ ಹಾಕುವಾಗಲೂ ವಾದ ನಿಲ್ಲಿಸಲಿಲ್ಲ. ಅಂದಿನಿಂದ ತಪ್ಪಿಸಿಲ್ಲ. ಮೂವರೂ ಮೊದಲ ಭಾಗವನ್ನು ಮತ್ತೆ ಶುರುವಿನಿಂದ ಆಡುತ್ತಿದ್ದಾರೆ, ಯಾರು ಏನು ಮಾಡಿದ್ದೆಂದು ತೀರ್ಮಾನಿಸಲು.

ಹಾಗಾಗಿ ನಿಮ್ಮ ಮೇಲೆ ಯಾವ ಹೊರೆಯೂ ಇಲ್ಲ. ನಿಮ್ಮ ಕೆಲಸ ನೆಮ್ಮದಿಯಾಗಿ ಮಾಡಿ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಿ ತಾನೆ?

ನಿಮ್ಮ,
ಸಿಸ್ಟರ್ ಅಕ್ಕ


ಮೇ 20

ಸಿಸ್ಟರ್ ಅಕ್ಕನಿಗೆ,

ಊಟ ಮಾಡುತ್ತೇನೆ. ಹೊತ್ತಿನ ಬಗ್ಗೆ ಮಾತು ಬೇಡ.

ಇದರ ಜೊತೆಗೆ ಒಂದು ಚೀಟಿ ಇದೆ. ಅದರಲ್ಲಿರುವ ಕೊಂಡಿಯನ್ನು ಟ್ಯಾಬಿನಲ್ಲಿ, ಬೇಕಾದರೆ ಅವರವರ ಫೋನಿನಲ್ಲಿ ಹಾಕಿಕೊಳ್ಳಿ. ಎರಡನೇ ಭಾಗದ ಮೊದಲ ಮೂರು ಕೋಣೆಗಳು ತೆರೆಯುತ್ತವೆ. ನೀವು ಕೇಳಿದ್ದಕ್ಕೆ ಕಳಿಸುತ್ತಿಲ್ಲ. ನನಗೇ ಯಾರಾದರೂ ಆಡಿ ನೋಡಬೇಕಾಗಿದೆ. ಸುಳ್ಳು ಹೊಗಳಿಕೆ ಬೇಡ ಎಂದು ಅವರಿಗೆ ಹೇಳಿ.

ನಿಮ್ಮ ತಂಗಿ


ಜೂನ್ 5

ಮಾನ್ಯರೆ,

ನಾನು ಕಿಟಕಿ ಪಕ್ಕದ ಕುರ್ಚಿಯ ವಕೀಲೆ. ನೀವು ಕಳಿಸಿದ ಕೋಣೆಗಳ ಬಗ್ಗೆ ಮೂವರ ಪರವಾಗಿ ನಾನು ಬರೆಯಬೇಕೆಂದು ತೀರ್ಮಾನವಾಗಿದೆ. ಉಳಿದಿಬ್ಬರೂ ನಿಮ್ಮ ಮನಸ್ಸು ನೋಯಿಸಲು ಹಿಂಜರಿಯುತ್ತಾರೆ. ನನಗೆ ಆ ಅಭ್ಯಾಸವಿಲ್ಲ.

ಚಿತ್ರ ಬಹಳ ಚೆಂದ. ನೀರು ಎಷ್ಟು ನಿಜವಾಗಿದೆಯೆಂದರೆ ನೋಡಿ ಬಾಯಾರಿಕೆ ಹೆಚ್ಚಾಯಿತು. ಆದರೆ ಎಲ್ಲಿ ತಿರುಗಿಸಬೇಕೋ ಅಲ್ಲಿ ಒಂದು ದೀಪ ಮಿನುಗುತ್ತದೆ. ಸ್ವಲ್ಪ ತಡವಾದರೆ ಒಂದು ಮೀನು ಬಂದು ಸಲಹೆ ಕೊಡುತ್ತದೆ. ಕೋಣೆ ತುಂಬಿದರೆ ಬಹುಮಾನ, ತುಂಬದಿದ್ದರೂ ಬಹುಮಾನ. ಸಲೂನಿನವರು ಕೇಳಿದ ಹಳೆಯ ಮನೆಯೂ ಇದೆ, ಡ್ರೈವರ್ ಕೇಳಿದ ಊರೂ ಇದೆ, ನಾನು ಕೇಳಿದ ಕಷ್ಟವೂ ಒಂದು ಮೂಲೆಯಲ್ಲಿದೆ. ಯಾರಿಗೂ ಇಲ್ಲ ಎಂದಿಲ್ಲ ನೀವು.

ಅಂದು ಮೂವರೂ ಅವರವರ ಫೋನಿನಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆಡಿದೆವು. ಸ್ವಲ್ಪ ಹೊತ್ತಾದ ಮೇಲೆ ಸಿಸ್ಟರ್ ಗಾಬರಿಯಿಂದ ಬಂದು, "ಏನಾಯ್ತು? ಜಗಳ ಆಡಿದ್ರಾ?" ಎಂದು ಕೇಳಿದರು. ಆಡಿರಲಿಲ್ಲ. ತೊಂದರೆ ಅದೇ. ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ಮೂರೂ ಕೋಣೆ ಮುಗಿದಿದ್ದವು.

ಸಿಸ್ಟರ್ ನನ್ನ ವಿಚಾರವಾಗಿ ನಿಮಗೆ ಏನು ಬರೆದಿದ್ದಾರೋ ತಿಳಿಯದು, ಕೇಳುವುದೂ ಇಲ್ಲ. ಕನಿಕರದಿಂದ ಏನನ್ನೂ ಮಾಡಬೇಡಿ. ನಾನು ವಾದ ಮಾಡಿ ಬದುಕಿದವಳು. ನನಗೆ ಎದುರು ವಾದಿಸುವವರು ಬೇಕು, ಅಷ್ಟೆ.

ತಮ್ಮ ವಿಶ್ವಾಸಿ,
ವಕೀಲೆ

(ಇದರ ಕೆಳಗೆ ಸಲೂನಿನವರ ಅಕ್ಷರ: ಮೇಡಂ, ಬೇಜಾರು ಮಾಡ್ಕೋಬೇಡಿ. ಮೀನು ಚೆನ್ನಾಗಿದೆ.)


ಜುಲೈ 19

ಸಿಸ್ಟರ್ ಅಕ್ಕ, ವಕೀಲಮ್ಮ, ಎಲ್ಲರಿಗೂ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ವಕೀಲಮ್ಮನವರ ಕಾಗದ ಓದಿದ ವಾರ ನಾನು ಕಂಪ್ಯೂಟರ್ ಮುಟ್ಟಲಿಲ್ಲ. ಕೋಪ ಬಂದಿತ್ತು. ಜನ ಕೇಳಿದ್ದನ್ನೇ ಅಲ್ಲವೆ ಕೊಟ್ಟದ್ದು? ಆ ಮೀನಿಗೇ ಎರಡು ತಿಂಗಳು ಹಿಡಿದಿತ್ತು. ಕೋಪ ಇಳಿದ ಮೇಲೆ ನೆನಪಾದವನು ನನ್ನ ತಮ್ಮ. ಅವನು ಎದ್ದುಹೋದದ್ದು ಈ ಕಾರಣಕ್ಕೇ. 'ಎಲ್ಲರ ಮಾತಿಗೂ ತಲೆ ಆಡಿಸ್ತೀಯ, ಒಂದಿನ ಕತ್ತು ಉಳುಕುತ್ತೆ' ಎಂದಿದ್ದ. ನಾನು ಅದಕ್ಕಿಂತ ಕೆಟ್ಟದಾಗಿ ಏನೋ ಅಂದಿದ್ದೆ. ಅಂದಿನಿಂದ ಮಾತು ಬಿಟ್ಟಿದ್ದೆವು.

ಅವನು ಈಗ ಮಕ್ಕಳ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುತ್ತಾನೆ. ಮುದ್ರಣಾಲಯದ ಮೇಲಿನ ಮಹಡಿಯಲ್ಲಿ ಅವನ ಮೇಜು. ನಾನು ಹೋದಾಗ ಎಲೆಯೊಂದರ ನರಗಳನ್ನು ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ. ನಾನು ಫೋನನ್ನು ಎಲೆಯ ಪಕ್ಕ ಇಟ್ಟೆ. ಮೂರೂ ಕೋಣೆ ಆಡಿದ. ಆಮೇಲೆ ವಕೀಲಮ್ಮನವರ ಕಾಗದ ಕೊಟ್ಟೆ. ಎರಡು ಸಲ ಓದಿದ.

"ಯಾರೇ ಇವರು?"

"ಆಡುವವರು."

"ಅಕ್ಕಾ, ಜನ ಕೇಳಿದ್ದನ್ನೆಲ್ಲ ಕೊಟ್ಟಿದ್ದೀಯ. ಅವರು ಒಬ್ಬರನ್ನೊಬ್ಬರು ಕೇಳೋಕೆ ಮಾತ್ರ ಏನೂ ಉಳಿಸಿಲ್ಲ."

ನಾನು ಅಲ್ಲೇ, ಮುದ್ರಣದ ಸದ್ದಿನ ನಡುವೆ ಅತ್ತುಬಿಟ್ಟೆ. ಅವನು ಗಾಬರಿಯಾಗಿ ಬಣ್ಣ ಒರೆಸುವ ಬಟ್ಟೆಯನ್ನೇ ಕೊಟ್ಟ. ಮುಖವೆಲ್ಲ ಹಸಿರಾಯಿತು. ಇಬ್ಬರೂ ಎಷ್ಟು ನಕ್ಕೆವೆಂದರೆ ಕೆಳಗಿನಿಂದ ಯಾರೋ ಬಂದು ನೋಡಿಹೋದರು.

ಈಗ ಸಂಜೆ ಅವನು ಬರುತ್ತಾನೆ. ಮಾಡಿದ್ದರಲ್ಲಿ ಹೆಚ್ಚಿನದನ್ನು ಕಿತ್ತುಹಾಕಿದ್ದೇವೆ. ಹಾಗಾಗಿ ನವೆಂಬರಿಗೆ ಆಗುವುದಿಲ್ಲ. ಮುಂದಿನ ಬೇಸಿಗೆಯಾಗುತ್ತದೆ. ನಿನ್ನೆ ಬೀಗ ತೆಗೆದು ಇದನ್ನು ಪ್ರಕಟಿಸಿದೆವು. ನಿರೀಕ್ಷಿಸಿದಂತೆಯೇ ಬೈಗುಳದ ಸುರಿಮಳೆ. ಈ ಸಲ ಮತ್ತೆ ಬೀಗ ಹಾಕಲಿಲ್ಲ. ತಮ್ಮ ಒಂದೊಂದನ್ನೇ ವಾರ್ತೆ ಓದುವವರ ಧಾಟಿಯಲ್ಲಿ ಗಟ್ಟಿಯಾಗಿ ಓದಿದ. ಹಾಗೆ ಕೇಳಿದಾಗ ಗೊತ್ತಾಯಿತು, ಬೈಯುವವರಲ್ಲಿ ಅರ್ಧ ಜನ ಬೈದು ಮುಗಿಸಿ, ಕೊನೆಯ ಸಾಲಿನಲ್ಲಿ 'ಕಾಯುತ್ತೇವೆ' ಎಂದಿದ್ದರು.

ಬಾಕಿ ಜನರ ಮಾತು ಬೇರೆ. ನಿಮ್ಮ ಕೋಣೆಯವರಿಗೆ ಒಂದು ವರ್ಷ ಕಾಯಿರಿ ಎಂದು ಹೇಳುವುದು ಎಂಥ ಮಾತು ಎಂದು ನನಗೆ ಗೊತ್ತು. ಅದಕ್ಕೇ ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ನಿಮ್ಮ ತಂಗಿ


ಆಗಸ್ಟ್ 2

ಪ್ರೀತಿಯ ತಂಗಿಗೆ,

ನಿಮ್ಮ ಕಾಗದವನ್ನು ಮೂವರಿಗೂ ಓದಿ ಹೇಳಿದೆ. ಒಂದು ವರ್ಷ ಎಂಬ ಕಡೆ ಬಂದಾಗ ನನ್ನ ದನಿ ಸಣ್ಣದಾಯಿತು.

"ಇನ್ನೊಂದು ವರ್ಷಾನಾ!" ಎಂದರು ಸಲೂನಿನವರು. ಡ್ರೈವರ್ ಮೇಲ್ಛಾವಣಿ ನೋಡಿದರು. ನಾನು ವಕೀಲಮ್ಮನ ಕಡೆ ನೋಡಲೇ ಇಲ್ಲ. ಯಂತ್ರದ ಗುಂಡಿ ಒತ್ತುವ ನೆಪ ಮಾಡಿ ನಿಂತೆ.

ವಕೀಲಮ್ಮ ಕನ್ನಡಕ ಒರೆಸಿ ಹಾಕಿಕೊಂಡರು. "ಒಂದು ವರ್ಷ ತಾನೆ? ನಾನು ಕೋರ್ಟಲ್ಲಿ ಇದಕ್ಕಿಂತ ಉದ್ದದ ವಾಯಿದೆ ನೋಡಿದ್ದೀನಿ. ಹಾಜರಿರ್ತೀವಿ ಅಂತ ಬರೀರಿ ಸಿಸ್ಟರ್."

ಬರೆದಿದ್ದೇನೆ. ನನಗೆ ಆಗ ಸ್ಟೋರ್ ರೂಮಿನಲ್ಲಿ ಏನೋ ಕೆಲಸ ನೆನಪಾಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತು, ಮುಖ ತೊಳೆದುಕೊಂಡು ಬಂದೆ.

ನಿಮ್ಮ,
ಸಿಸ್ಟರ್ ಅಕ್ಕ


ಡಿಸೆಂಬರ್ 11

ತಂಗೀ,

ಒಳ್ಳೆಯ ಸುದ್ದಿ! ಡ್ರೈವರಿಗೆ ಕಿಡ್ನಿ ಸಿಕ್ಕಿತು. ಸೂಜಿ ಹಾಕಲು ನಾನು ಕೈ ಹಿಡಿದಿದ್ದಾಗಲೇ ಫೋನ್ ಬಂತು. "ಹೂಂ… ಹೂಂ… ಈಗ್ಲೇನಾ?" ಎಂದವರು ಒಂದು ಚಪ್ಪಲಿ ಇಲ್ಲೇ ಬಿಟ್ಟು ಹೊರಟರು. ಸಲೂನಿನವರು ಹಿಂದಿನಿಂದ, "ಹಿಂದಕ್ಕೆ ನೋಡ್ದೆ ಹೋಗ್ತಾ ಇರಿ, ರೈಟ್ ರೈಟ್!" ಎಂದು ಕೂಗಿದರು.

ಆಪರೇಷನ್ ಚೆನ್ನಾಗಿ ಆಯಿತು. ಮೊನ್ನೆ ವಾರ್ಡಿನಿಂದ ಫೋನ್ ಮಾಡಿದ್ದರು. "ಸಿಸ್ಟರ್, ಒಂದು ಲೋಟ ನೀರು ಕುಡಿದೆ. ಪೂರ್ತಿ ಒಂದು ಲೋಟ. ಡಾಕ್ಟ್ರು ಇನ್ನೂ ಕುಡಿ ಅಂತಾರೆ!" ಎಂದು ಹೇಳಿ ಮುಂದೆ ಮಾತಾಡಲಾರದೆ ಹೆಂಡತಿಯ ಕೈಗೆ ಫೋನ್ ಕೊಟ್ಟರು. ಇದನ್ನು ಹೇಳಿದಾಗ ವಕೀಲಮ್ಮ ಬಾಯಲ್ಲಿದ್ದ ಐಸ್ ಚೂರನ್ನು ಕೆನ್ನೆಗೆ ಸರಿಸಿದರು. ಆಮೇಲೆ, "ತಣ್ಣಗಿತ್ತಂತಾ?" ಎಂದರು. ಮುಂದಿನ ಸಲ ಬಂದಾಗ ತಮ್ಮ ಹೆಸರೂ ಕಿಡ್ನಿಯ ಸರದಿಗೆ ಸೇರಿಸಲು ಏನು ಮಾಡಬೇಕೆಂದು ಡಾಕ್ಟರನ್ನು ವಿಚಾರಿಸಿದರು. ಇಷ್ಟು ವರ್ಷ ಬೇಡ ಎನ್ನುತ್ತಿದ್ದವರು.

ಡ್ರೈವರ್ ಕುರ್ಚಿಗೆ ಹೊಸಬರು ಬಂದಿದ್ದಾರೆ. ಈಜು ಕಲಿಸುತ್ತಿದ್ದವರಂತೆ. ಗಟ್ಟಿ ಮೈ, ಬಗ್ಗಿದ ತಲೆ. ಮಾತಿಲ್ಲ. ನಮಸ್ಕಾರಕ್ಕೆ ನಮಸ್ಕಾರ, ಅಷ್ಟೆ. ಅವರಿಗೆ ಈ ಸುದ್ದಿಗಳೆಲ್ಲ ಗೋಡೆಯಾಚೆಯವು.

ನಿಮ್ಮ,
ಸಿಸ್ಟರ್ ಅಕ್ಕ


ಮೇ 28

ಅಕ್ಕಾ,

ಮುಗಿಯಿತು. ಎಲ್ಲರಿಗೂ ಮುಂದಿನ ವಾರ ಸಿಗುತ್ತದೆ, ನಿಮ್ಮ ಕೋಣೆಗೆ ಈಗಲೇ. ಈ ಸಲ ಎರಡು ಪರದೆ ಬೇಕು. ಒಂದರಲ್ಲಿ ಮನೆಯ ಮೇಲಿನ ಮಹಡಿ ಮಾತ್ರ ಕಾಣುತ್ತದೆ, ಇನ್ನೊಂದರಲ್ಲಿ ಕೆಳಗಿನದು. ಇಡೀ ಮನೆ ಯಾರೊಬ್ಬರಿಗೂ ಕಾಣುವುದಿಲ್ಲ. ಒಬ್ಬರೇ ಆಡುವವರು ಪರದೆ ಬದಲಿಸಿಕೊಳ್ಳಬಹುದು, ಆದರೆ ಅವರೂ ಯಾರನ್ನಾದರೂ ಕರೆದು ಕೂರಿಸಿಕೊಳ್ಳಲಿ ಎಂಬುದು ತಮ್ಮನ ಆಸೆ. ದೀಪ ಇಲ್ಲ. ಮೀನು ಇದೆ, ಸುಮ್ಮನೆ ಈಜುತ್ತದೆ, ಸಲೂನಿನವರಿಗೆ ಹೇಳಿ.

ಜನ ಏನನ್ನುತ್ತಾರೋ ಗೊತ್ತಿಲ್ಲ. ಇದನ್ನು ಯಾರೂ ಕೇಳಿರಲಿಲ್ಲ. ಆದರೂ ನಿನ್ನೆ ಒಳ್ಳೆಯ ನಿದ್ದೆ ಬಂತು.

ನಿಮ್ಮ ತಂಗಿ,
ಜೊತೆಗೆ ತಮ್ಮ (ಹಸಿರು ಬಟ್ಟೆಯವನು)


ಜೂನ್ 9

ನನ್ನ ತಂಗಿಗೂ ತಮ್ಮನಿಗೂ,

ಇಂದು ಬೆಳಿಗ್ಗೆ ಶುರು ಮಾಡಿದೆವು. ಒಂದು ಟ್ಯಾಬ್ ವಕೀಲಮ್ಮನ ಹತ್ತಿರ, ಮೇಲಿನ ಮಹಡಿ. ಇನ್ನೊಂದನ್ನು ಸಲೂನಿನವರು ಹಿಡಿಯಬೇಕಿತ್ತು. ಅವರಿಗೆ ರಕ್ತದೊತ್ತಡ ಇಳಿದು ಕಾಲು ಹಿಡಿದುಕೊಂಡಿತು. ನಾನು ಅವರ ಕುರ್ಚಿ ಚಾಚಿ ಮಲಗಿಸಿದೆ. ಟ್ಯಾಬನ್ನು ಎಲ್ಲಿಡಲಿ ಎಂದು ನೋಡಿದರೆ ಪಕ್ಕದಲ್ಲಿ ಈಜಿನ ಮೇಷ್ಟ್ರು. ಏನೂ ಹೇಳದೆ ಅವರ ಮಡಿಲಲ್ಲಿ ಇಟ್ಟು ಹೋದೆ.

ವಕೀಲಮ್ಮ ಒಬ್ಬರೇ ಗೊಣಗುತ್ತಿದ್ದರು. "ಇಲ್ಲಿಂದ ನೀರು ಬಿಟ್ಟೆ. ಇಳಿದುಹೋಯ್ತು. ಎಲ್ಲಿಗೆ ಹೋಯ್ತು? ರೀ ಸಲೂನ್, ಎಲ್ಲಿಗೆ ಹೋಯ್ತು?"

ಸಲೂನಿನವರು ಕಣ್ಣು ಮುಚ್ಚಿಕೊಂಡೇ, "ನನ್ನ ಕಾಲಿಗೆ" ಎಂದರು.

ಆಗ ಪಕ್ಕದಿಂದ ಒಂದು ದನಿ ಬಂತು. ಇಷ್ಟು ತಿಂಗಳಲ್ಲಿ ಆ ದನಿಯನ್ನು ನಾವು ಸರಿಯಾಗಿ ಕೇಳಿರಲೇ ಇಲ್ಲ. ಕೊಳದ ಈ ದಡದಿಂದ ಆ ದಡಕ್ಕೆ ಕೂಗಿ ಪಳಗಿದ ದನಿ. "ನನಗೆ ಇಲ್ಲಿ ಒಂದು ಬಾವಿ ಕಾಣ್ತಿದೆ. ತುಂಬ್ತಾ ಇದೆ. ನಿಮಗೇನು ಕಾಣ್ತಿದೆ?"

ವಕೀಲಮ್ಮ ಕುರ್ಚಿಯಲ್ಲೇ ತಿರುಗಲು ಹೋದರು, ನಾನು ಕೈ ಹಿಡಿದು ತಡೆದೆ. "ಎರಡು ತೂಬು. ಒಂದು ದೊಡ್ಡದು, ಒಂದು ಸಣ್ಣದು."

"ಸಣ್ಣದು ಮುಚ್ಚಿ."

"ಯಾಕೆ ಮುಚ್ಚಬೇಕು? ಕಾರಣ ಹೇಳಿ."

"ಮುಚ್ಚಿ ನೋಡಿ ಮೊದಲು!"

"ಕಾರಣ ಇಲ್ಲದೆ ನಾನು ಏನನ್ನೂ ಮುಚ್ಚೋದಿಲ್ಲ ಮೇಷ್ಟ್ರೇ."

ಮುಚ್ಚಿದರು. ತಪ್ಪಾಯಿತು. ಬಾವಿ ಉಕ್ಕಿ ಕೆಳಮನೆಯೆಲ್ಲ ನೀರು. ಮೇಷ್ಟ್ರು ನಕ್ಕರು. ವಕೀಲಮ್ಮ, "ನಾನು ಹೇಳ್ಲಿಲ್ವಾ!" ಎಂದರು. ಸಲೂನಿನವರು ಎದ್ದು ಕೂತು ಟ್ಯಾಬ್ ಕೇಳಿದರು, ಯಾರೂ ಕೊಡಲಿಲ್ಲ. ಡಾಕ್ಟರು ಬಂದು ಸ್ವಲ್ಪ ಮೆಲ್ಲಗೆ ಮಾತಾಡಿ ಎಂದವರು, ಅಲ್ಲೇ ನಿಂತು ದೊಡ್ಡ ತೂಬನ್ನು ಅರ್ಧ ಎತ್ತಿದರೆ ಹೇಗೆ ಎಂದರು.

ಯಂತ್ರ ನಿಲ್ಲಿಸಿ ಸೂಜಿ ತೆಗೆದ ಮೇಲೂ ಯಾರೂ ಕುರ್ಚಿ ಬಿಡಲಿಲ್ಲ. ಮೊದಲನೆಯ ಕೋಣೆಯೇ ಇನ್ನೂ ತೆರೆದಿಲ್ಲ. ದಯವಿಟ್ಟು ಅದನ್ನು ತೆರೆಯುವ ಉತ್ತರ ಬರೆದು ಕಳಿಸಬೇಡಿ. ಬುಧವಾರ ಎಲ್ಲರೂ ಬರುತ್ತಾರೆ.

ನಿಮ್ಮ,
ಸಿಸ್ಟರ್ ಅಕ್ಕ